ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾ ದಿನಬಳಕೆಗೆ ಹೇಗಿದೆ? ಮನೆಯಲ್ಲೇ ಪರೀಕ್ಷಿಸುವ ಬಗೆ

ಕ್ಯಾನನ್ ಇಕ್ಸಸ್ 185, ಸೋನಿ ಸೈಬರ್‌ಶಾಟ್ ಡಬ್ಲ್ಯೂ830ರಂಥ ಕ್ಯಾಮೆರಾ ಕೊಳ್ಳುವಾಗ ಮೊದಲು ಕಣ್ಣಿಗೆ ಬೀಳುವುದು 20 ಮೆಗಾಪಿಕ್ಸೆಲ್ ಎಂಬ ಅಂಕಿ. ಆದರೆ 4×6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಬೇಕಾದದ್ದು 1800×1200 ಪಿಕ್ಸೆಲ್, ಅಂದರೆ 2.16 ಮೆಗಾಪಿಕ್ಸೆಲ್ ಅಷ್ಟೇ. ಜೇಬಿನಲ್ಲಿಟ್ಟು ತಿರುಗುವ ಕ್ಯಾಮೆರಾದಲ್ಲಿ ನೋಡಬೇಕಾದ ಸಂಗತಿಗಳು ಬೇರೆ: ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಚಿತ್ರ ಬೀಳುತ್ತದೆ, ಹತ್ತರಲ್ಲಿ ಎಷ್ಟು ಚಿತ್ರ ಉಳಿಸಿಕೊಳ್ಳುವ ಹಾಗಿರುತ್ತವೆ, ಸಂಜೆಯವರೆಗೆ ಬ್ಯಾಟರಿ ಬರುತ್ತದೆಯೇ.

ಶುರು ಮಾಡುವ ಮುನ್ನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ತೀರಾ ಹಳೆಯ ಕ್ಯಾಮೆರಾ 2 ಜಿಬಿವರೆಗಿನ ಎಸ್‌ಡಿ ಕಾರ್ಡ್ ಮಾತ್ರ ಓದಬಹುದು. ಎಸ್‌ಡಿಎಚ್‌ಸಿ ಮಾದರಿಯವು 32 ಜಿಬಿವರೆಗೆ ಓದುತ್ತವೆ. ಡಿಜಿಟಲ್ ಝೂಮ್ ಆಫ್ ಮಾಡುವುದನ್ನು ಮರೆಯಬೇಡಿ. ಅದು ಆನ್ ಇದ್ದರೆ ಲೆನ್ಸ್‌ನ ಗುಣ ಯಾವುದು, ಹಿಗ್ಗಿಸಿದ ಪಿಕ್ಸೆಲ್ ಯಾವುದು ಎಂದು ಗೊತ್ತೇ ಆಗುವುದಿಲ್ಲ.

ಮೊದಲು ವೇಗ

ಒಂದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಕ್ಯಾಮೆರಾವನ್ನು ಅದರತ್ತ ಹಿಡಿಯಿರಿ. ವಾಚು 10.0 ತೋರಿಸಿದ ಕ್ಷಣ ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿ. ಚಿತ್ರದಲ್ಲಿ 10.7 ಎಂದು ಬಿದ್ದರೆ ಒಟ್ಟು ವಿಳಂಬ 0.7 ಸೆಕೆಂಡ್. ಇದರಲ್ಲಿ ನಿಮ್ಮ ಬೆರಳಿನ ವಿಳಂಬವೂ ಸೇರಿದೆ. ಆದ್ದರಿಂದ ಈಗ ಗುಂಡಿಯನ್ನು ಮೊದಲೇ ಅರ್ಧ ಒತ್ತಿ, ಫೋಕಸ್ ಹಿಡಿಸಿಟ್ಟುಕೊಂಡು ಅದನ್ನೇ ಮತ್ತೆ ಮಾಡಿ. ಬೆರಳಿನ ವಿಳಂಬ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಎರಡರ ನಡುವಿನ ವ್ಯತ್ಯಾಸವೇ ಫೋಕಸ್‌ಗೆ ಹಿಡಿದ ಸಮಯ. ಪ್ರತಿಯೊಂದನ್ನೂ ಐದು ಸಲ ಮಾಡಿ, ನಡುವಿನ ಅಂಕಿ ತೆಗೆದುಕೊಳ್ಳಿ. ಮೊಬೈಲ್ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಬದಲಾಗುವುದರಿಂದ ನೂರನೇ ಭಾಗದ ಅಂಕಿಯನ್ನು ನಂಬಬೇಡಿ.

ಈ ಪರೀಕ್ಷೆಯನ್ನು ಹಗಲಲ್ಲೊಮ್ಮೆ, ರಾತ್ರಿ ಹಾಲ್‌ನ ಬೆಳಕಿನಲ್ಲೊಮ್ಮೆ, ಝೂಮ್ ಪೂರ್ತಿ ಎಳೆದು ಇನ್ನೊಮ್ಮೆ ಮಾಡಿ. ಮೂರನೆಯದರಲ್ಲಿ ಕ್ಯಾಮೆರಾ ತಡವರಿಸುತ್ತದೆ. ಅದಕ್ಕೆ ಕಾರಣವಿದೆ: ಡಬ್ಲ್ಯೂ830 ಲೆನ್ಸ್ ಅಗಲ ತುದಿಯಲ್ಲಿ (ಝೂಮ್ ಎಳೆಯದಿದ್ದಾಗ) ಎಫ್3.3, ಝೂಮ್ ತುದಿಯಲ್ಲಿ ಎಫ್6.3. ಈ ಅಂಕಿ ಹೆಚ್ಚಿದಷ್ಟೂ ಬೆಳಕು ಬರುವ ಕಿಂಡಿ ಚಿಕ್ಕದು. ಅಂದರೆ ಝೂಮ್ ಎಳೆದಾಗ ಚಿತ್ರ ಹಿಡಿಯುವ ಸೆನ್ಸರಿಗೆ ತಲುಪುವ ಬೆಳಕು ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಅಂಚುಗಳ ಸ್ಪಷ್ಟತೆ ನೋಡಿ ಫೋಕಸ್ ಹುಡುಕುವ ಈ ಕ್ಯಾಮೆರಾಗಳಿಗೆ ಮಂದ ಬೆಳಕಿನಲ್ಲಿ ಅಂಚೇ ಸರಿಯಾಗಿ ಕಾಣುವುದಿಲ್ಲ. ಓಡಾಡುವ ಮಕ್ಕಳ ಚಿತ್ರ ತೆಗೆಯುವವರಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದ ಅಂಕಿ ಇದೇ.

ಫ್ಲ್ಯಾಶ್ ಹಾಕಿ ಸಾಲಾಗಿ ಐದು ಚಿತ್ರ ತೆಗೆದು, ನಡುವೆ ಎಷ್ಟು ಸೆಕೆಂಡ್ ಕಾಯಿಸುತ್ತದೆಂದು ಬರೆದುಕೊಳ್ಳಿ. ಬ್ಯಾಟರಿ ಇಳಿದಂತೆ ಈ ಕಾಯುವಿಕೆ ಹೆಚ್ಚುತ್ತದೆ.

ಲೆನ್ಸ್‌ಗೆ ದಿನಪತ್ರಿಕೆ ಸಾಕು

ಟೆಸ್ಟ್ ಚಾರ್ಟ್ ಕೊಳ್ಳಬೇಕಿಲ್ಲ. ಕನ್ನಡ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟಗಳನ್ನು ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ, ಚೌಕಟ್ಟಿನ ನಾಲ್ಕೂ ಮೂಲೆಗೆ ಅಕ್ಷರ ಬರುವಷ್ಟು ದೂರದಲ್ಲಿ ಕ್ಯಾಮೆರಾ ಇಡಿ. ‘ಕ್ಷೇತ್ರ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರಗಳೇ ನಿಮ್ಮ ಅಳತೆಗೋಲು: ಲೆನ್ಸ್ ಸೋತಾಗ ಮೊದಲು ಕಲಸಿಹೋಗುವುದು ಅವೇ.

ಕ್ಯಾಮೆರಾ ಗೋಡೆಗೆ ನೇರವಾಗಿರಬೇಕು. ಪತ್ರಿಕೆಯ ನಟ್ಟನಡುವೆ ಚಿಕ್ಕ ಕನ್ನಡಿಯನ್ನು ಚಪ್ಪಟೆಯಾಗಿ ಅಂಟಿಸಿ. ಅದರಲ್ಲಿ ಕ್ಯಾಮೆರಾದ ಲೆನ್ಸ್ ಪರದೆಯ ಮಧ್ಯಕ್ಕೆ ಕಂಡರೆ ನೇರವಾಗಿದೆ ಎಂದರ್ಥ. ಆಮೇಲೆ ಕನ್ನಡಿ ತೆಗೆದು, 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ, ಕನಿಷ್ಠ ಐಎಸ್ಒದಲ್ಲಿ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) ಚಿತ್ರ ತೆಗೆಯಿರಿ. ಅಗಲ ತುದಿಯಲ್ಲೊಂದು, ಝೂಮ್ ತುದಿಯಲ್ಲೊಂದು.

ನಾಲ್ಕೂ ಮೂಲೆ ಒಂದೇ ಸಮ ಮಸುಕಾಗಿದ್ದರೆ ಅದು ಈ ಬೆಲೆಯ ಲೆನ್ಸ್‌ನ ಸಹಜ ಮಿತಿ. ಒಂದೇ ಮೂಲೆ ಕಲಸಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿರಬಹುದು. ಖಚಿತಪಡಿಸಿಕೊಳ್ಳಲು ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ಮಸುಕು ಈಗ ಪತ್ರಿಕೆಯ ಎದುರು ಮೂಲೆಗೆ ಹೋಗಿದ್ದರೆ ದೋಷ ಲೆನ್ಸಿನದು, ಅಂಗಡಿಗೆ ವಾಪಸ್ ಕೊಡಿ. ಪತ್ರಿಕೆಯ ಅದೇ ಮೂಲೆಯಲ್ಲೇ ಉಳಿದಿದ್ದರೆ ನೀವು ನಿಲ್ಲಿಸಿದ ಕೋನ ಸರಿಯಿರಲಿಲ್ಲ.

ಬೆಳಕು, ಕೈನಡುಕ

ರಾತ್ರಿ ಟ್ಯೂಬ್‌ಲೈಟಿನಲ್ಲಿ ಮೇಜಿನ ಮೇಲೆ ಕ್ಯಾಮೆರಾ ಕೂರಿಸಿ, ರೇಷ್ಮೆ ಸೀರೆಯ ಅಂಚು ಮತ್ತು ಯಾರದಾದರೂ ತಲೆಗೂದಲು ಬರುವಂತೆ ಐಎಸ್ಒ 100, 200, 400, 800, 1600ರಲ್ಲಿ ಒಂದೊಂದು ಚಿತ್ರ ತೆಗೆಯಿರಿ. ಐಎಸ್ಒ ಏರಿದಂತೆ ಚಿತ್ರ ಕಾಳುಕಾಳಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಅದನ್ನು ಅಳಿಸಲು ಹೊರಟ ಕ್ಯಾಮೆರಾ ಕೂದಲೆಳೆಗಳನ್ನೂ ಜರಿಯ ನೇಯ್ಗೆಯನ್ನೂ ಬಳಿದುಹಾಕುವುದು. 100 ಪ್ರತಿಶತ ಹಿಗ್ಗಿಸಿ ನೋಡಿ ಬೇಸರಪಡಬೇಡಿ. ಕಂಪ್ಯೂಟರ್ ಪರದೆಗೆ ಸರಿಹೊಂದಿಸಿ ನೋಡಿ, ಎಲ್ಲಿವರೆಗೆ ಒಪ್ಪಿಗೆಯೋ ಅದೇ ನಿಮ್ಮ ಗರಿಷ್ಠ ಐಎಸ್ಒ.

ಬಿಸಿಲಲ್ಲಿ ಬಿಳಿ ಪಂಚೆ ಉಟ್ಟವರನ್ನೂ ಗುಡಿಯ ಕಪ್ಪು ಕಲ್ಲಿನ ಕೆತ್ತನೆಯನ್ನೂ ತೆಗೆದು ನೋಡಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎಲ್ಲವನ್ನೂ ಮಧ್ಯಮ ಬೂದು ಎಂದುಕೊಳ್ಳುವುದರಿಂದ ಚೌಕಟ್ಟು ತುಂಬ ಕಪ್ಪು ಕಲ್ಲಿದ್ದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) -0.7ಕ್ಕೆ ಇಳಿಸಿ ಮತ್ತೊಂದು ತೆಗೆಯಿರಿ.

ಕೈನಡುಕಕ್ಕೆ ಝೂಮ್ ಪೂರ್ತಿ ಎಳೆದು, ನಿಂತುಕೊಂಡೇ ಹತ್ತು ಚಿತ್ರ ತೆಗೆದು ಎಷ್ಟು ಸ್ಪಷ್ಟವಾಗಿವೆ ಎಣಿಸಿ, ಜೊತೆಗೆ ಚಿತ್ರದ ಮಾಹಿತಿಯಲ್ಲಿ ಷಟರ್ ವೇಗ (ಬೆಳಕು ಒಳಬಿಟ್ಟ ಅವಧಿ) ನೋಡಿ. ಡಬ್ಲ್ಯೂ830ಗೆ ಆಪ್ಟಿಕಲ್ ಸ್ಥಿರೀಕರಣವಿದೆ, ಅಂದರೆ ಲೆನ್ಸಿನ ಗಾಜೇ ಅಲುಗಿ ಕೈನಡುಕವನ್ನು ಸರಿದೂಗಿಸುತ್ತದೆ. ಇಕ್ಸಸ್ 185ಕ್ಕೆ ಇಲ್ಲ, ಅದರದ್ದು ಡಿಜಿಟಲ್ ಮಾತ್ರ. ಹಾಗಾಗಿ ಅದರ ಪೂರ್ತಿ ಝೂಮ್‌ನಲ್ಲಿ (35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 224 ಮಿ.ಮೀ. ಲೆನ್ಸಿಗೆ ಸಮ) 1/250 ಸೆಕೆಂಡಿಗಿಂತ ನಿಧಾನವಾದರೆ ಗೋಡೆಗೋ ಕಂಬಕ್ಕೋ ಒರಗಿ ತೆಗೆಯಬೇಕು.

ಬ್ಯಾಟರಿ

ತಯಾರಕರ ಅಂಕಿ ಬರುವುದು ಸಿಪಾ ಎಂಬ ಜಪಾನಿ ಸಂಸ್ಥೆಯ ನಿಯಮದಿಂದ: 30 ಸೆಕೆಂಡಿಗೊಂದು ಚಿತ್ರ, ಒಂದು ಬಿಟ್ಟು ಒಂದಕ್ಕೆ ಫ್ಲ್ಯಾಶ್, ಪ್ರತಿ ಸಲ ಝೂಮ್, 10 ಚಿತ್ರಕ್ಕೊಮ್ಮೆ ಆಫ್. ಈ ಲೆಕ್ಕದಲ್ಲಿ ಮೇಲಿನ ಎರಡೂ ಕ್ಯಾಮೆರಾಗಳಿಗೆ ಸುಮಾರು 210 ಚಿತ್ರ. ನಿಮ್ಮ ಬಳಕೆ ಹೀಗಿರುವುದಿಲ್ಲ. ತೆಗೆದದ್ದನ್ನು ಎಲ್ಲರಿಗೂ ಪರದೆಯಲ್ಲಿ ತೋರಿಸುತ್ತಾ ಕೂತರೆ ಚಿತ್ರದ ಲೆಕ್ಕ ಇಳಿಯುತ್ತದೆ. ನಿಮ್ಮ ರೂಢಿಯಂತೆಯೇ ಬಳಸಿ, ಬ್ಯಾಟರಿ ಕಡಿಮೆ ಎಂಬ ಎಚ್ಚರಿಕೆ ಬಂದ ಮೇಲೆ ಎಷ್ಟು ಚಿತ್ರ ಸಿಗುತ್ತವೆ ಎಂಬುದನ್ನೂ ಎಣಿಸಿ. ಉಬ್ಬಿದ ಬ್ಯಾಟರಿಯನ್ನು ಒಳಗೆ ತುರುಕಬೇಡಿ, ಮತ್ತೆ ಹೊರಬರದೆ ಸಿಕ್ಕಿಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೆರಡು ಕೆಲಸ. ಝೂಮ್ ಎಳೆದು ಖಾಲಿ ಆಕಾಶ ತೆಗೆಯಿರಿ. ಎಲ್ಲ ಚಿತ್ರದಲ್ಲೂ ಒಂದೇ ಜಾಗದಲ್ಲಿ ಬೂದು ಕಲೆ ಬಂದರೆ ಸೆನ್ಸರ್ ಮೇಲೆ ಧೂಳಿದೆ. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಅದು ಬೂಷ್ಟು, ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಮೆರಾಗಳಲ್ಲಿ ಇದನ್ನು ನೋಡದೆ ದುಡ್ಡು ಕೊಡಬೇಡಿ. ಆನ್ ಮಾಡಿದಾಗಲೆಲ್ಲ ದಿನಾಂಕ ಕೇಳಿದರೆ ಗಾಬರಿ ಬೇಡ. ಚಾರ್ಜ್ ಆದ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಡಿ. ಆಮೇಲೂ ಕೇಳಿದರೆ ಗಡಿಯಾರದ ಒಳಸೆಲ್ ಸತ್ತಿದೆ. ಅಷ್ಟಕ್ಕೆ ಬೆಲೆ ಇಳಿಸಲು ಕೇಳಬಹುದು, ಚಿತ್ರಕ್ಕೇನೂ ತೊಂದರೆಯಿಲ್ಲ.