ಇಯರ್ ಎಂಡ್ ಪಾರ್ಟಿ: ನಾನು ಹೇಗೆ ನಡೆಸ್ತೀನಿ

ಬೆಂಗಳೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನೀಲಿ ಎಚ್‌ಆರ್ ಕೆಲಸ ನಂದು, ಡಿಸೆಂಬರ್ ಬಂತು ಅಂದ್ರೆ ಇಯರ್ ಎಂಡ್ ಪಾರ್ಟಿ ಜವಾಬ್ದಾರಿ ನನ್ನ ತಲೆ ಮೇಲೇ ಬರತ್ತೆ. ಪಾರ್ಟೀಲಿ ಎಲ್ರೂ ಸರಿಯಾಗಿ ನಡ್ಕೋಬೇಕು ಅಂತ ಎಷ್ಟೋ ಕಡೆ ಒಂದು ಮೇಲ್ ಕಳಿಸಿ ಕೈ ತೊಳ್ಕೋತಾರೆ. ಆ ಮೇಲ್ ಯಾರೂ ಓದಲ್ಲ. ಜನ ಅವತ್ತು ಸಂಜೆ ಹೇಗಿರ್ತಾರೆ ಅನ್ನೋದು ಅರ್ಧಕ್ಕಿಂತ ಜಾಸ್ತಿ ಪ್ಲಾನ್ ಮಾಡೋವಾಗ್ಲೇ ಡಿಸೈಡ್ ಆಗೋಗಿರತ್ತೆ ಅಂತ ನಾನು ನಂಬ್ತೀನಿ, ಎಷ್ಟು ಹೊತ್ತಿಗೆ ಶುರು, ಊಟ ಯಾವಾಗ, ಬಾರ್ ಯಾವಾಗ ಕ್ಲೋಸ್, ಮನೆಗೆ ಹೇಗೆ ಹೋಗೋದು, ಇದೆಲ್ಲ ಸರಿ ಇದ್ರೆ ಬುದ್ಧಿ ಹೇಳೋ ಪ್ರಸಂಗಾನೇ ಕಮ್ಮಿ.

ಮೊದ್ಲು ಡೇಟ್. 31ನೇ ತಾರೀಕು ನಾನು ಖಂಡಿತ ಇಡಲ್ಲ, ಅವತ್ತು ಎಂಜಿ ರೋಡ್ ಬ್ರಿಗೇಡ್ ರೋಡ್ ಕಡೆ ಹೋಗಿ ಬಂದೋರಿಗೆ ಗೊತ್ತು ಯಾಕೆ ಅಂತ. 24ನೇ ತಾರೀಕೂ ಬೇಡ, ನಮ್ಮಲ್ಲಿ ಕ್ರಿಶ್ಚಿಯನ್ ಸಹೋದ್ಯೋಗಿಗಳಿಗೆ ಅವತ್ತು ರಾತ್ರಿ ಚರ್ಚ್‌ನಲ್ಲಿ ಪೂಜೆ ಇರತ್ತೆ, ಅವರ ಹಬ್ಬದ ಹೆಸರಲ್ಲಿ ಪಾರ್ಟಿ ಮಾಡಿ ಅವರೇ ಬರೋಕಾಗದಂಗೆ ಮಾಡಿದ್ರೆ ಏನು ಚೆನ್ನ. ಹಾಗಾಗಿ ಅದಕ್ಕಿಂತ ಒಂದು ವಾರ ಮುಂಚೆ, ಅದೂ ಗುರುವಾರ. ಶುಕ್ರವಾರ ಇಡಿ ಅಂತ ಪ್ರತಿ ಸಲ ಗೋಗರೀತಾರೆ, ನಾನು ಒಪ್ಪಲ್ಲ, ಮಾರನೇ ದಿನ ಲಾಗಿನ್ ಆಗ್ಬೇಕು ಅನ್ನೋದು ತಲೇಲಿದ್ರೆ ಮೂರನೇ ಪೆಗ್ಗಿಗೆ ಕೈ ತಾನೇ ಹಿಂದೆ ಬರತ್ತೆ. ಸಂಜೆ ಐದಕ್ಕೆ ಶುರು, ಏಳೂವರೆಗೆ ಊಟ ರೆಡಿ ಇರ್ಬೇಕು, ಒಂಬತ್ತಕ್ಕೆ ಬಾರ್ ಬಂದ್. ಹೆಂಗೂ ರಾತ್ರಿ 10ರ ಮೇಲೆ ತೆರೆದ ಜಾಗದಲ್ಲಿ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, ಇನ್ನೊಂದು ಹಾಡು ಇನ್ನೊಂದು ಹಾಡು ಅಂತ ಎಳೆಯೋರಿಗೆ ಆ ರೂಲ್ ಹೇಳಿದ್ರೆ ಮಾತು ಮುಗೀತು.

ಕುಡಿಯೋ ವಿಚಾರಕ್ಕೆ ಬರೋಣ, ಜಗಳ ಎಲ್ಲ ಹುಟ್ಟೋದು ಇಲ್ಲೇ. ನವೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೂ ನಮ್ಮ ಆಫೀಸಲ್ಲಿ ಅಯ್ಯಪ್ಪ ಮಾಲೆ ಹಾಕ್ದೋರು ಇದ್ದೇ ಇರ್ತಾರೆ. ಇನ್ನು ಜೈನರಿದಾರೆ, ಮುಸ್ಲಿಮರಿದಾರೆ, ಮಾತ್ರೆ ತಗೋತಿರೋರು ಇರ್ತಾರೆ, ಮತ್ತೆ ಸುಮ್ನೆ ಇಷ್ಟ ಇಲ್ಲ ಅನ್ನೋರು, ಅವರು ಕಾರಣ ಹೇಳ್ಬೇಕಾಗಿಲ್ಲ. ಹಾಗಾಗಿ ಬಾರ್ ಕೌಂಟರ್ ಒಂದು ಮೂಲೇಲಿ, ಜ್ಯೂಸು, ನಿಂಬೆ ಸೋಡಾ, ಬಿಸಿ ಬಾದಾಮಿ ಹಾಲು ಎಲ್ಲ ಹಾಲ್ ಮಧ್ಯದಲ್ಲಿ. ವೇಯ್ಟರ್‌ಗಳು ಟ್ರೇ ಹಿಡ್ಕೊಂಡು ಡ್ರಿಂಕ್ಸ್ ತಗೊಂಡು ಟೇಬಲ್ ಟೇಬಲ್‌ಗೂ ತಿರುಗಬಾರ್ದು ಅಂತ ರೆಸಾರ್ಟ್‌ನೋರಿಗೆ ಮೊದ್ಲೇ ಬರೆದು ಕೊಡ್ತೀನಿ. ಬೇಕಾದೋರು ಎದ್ದು ಹೋಗಿ ತಗೊಳ್ಳಿ. ಈ ಒಂದು ಬದಲಾವಣೆಯಿಂದ ಎಷ್ಟು ವ್ಯತ್ಯಾಸ ಆಯ್ತು ಅಂದ್ರೆ, ಯಾರು ಕುಡೀತಿದಾರೆ ಯಾರು ಇಲ್ಲ ಅಂತ ನೋಡೋದೇ ಜನ ಬಿಟ್ರು.

ಆದ್ರೂ ಒಬ್ರು ಇರ್ತಾರೆ. ಒಂದು ಸಲ ಒಬ್ಬ ಸೀನಿಯರ್ ಮ್ಯಾನೇಜರ್ ಎರಡೂ ಕೈಲಿ ಗ್ಲಾಸ್ ಹಿಡ್ಕೊಂಡು ಆಗಷ್ಟೇ ಸೇರಿದ ಫ್ರೆಶರ್ ಮುಂದೆ ನಿಂತಿದ್ರು, 'ಒಂದೇ ಒಂದು ಮಗಾ, ನನ್ ಮಾತಿಗೆ ಬೆಲೆ ಇಲ್ವಾ' ಅಂತಿದ್ರು, ಆ ಹುಡುಗ ನಗ್ತಾನೂ ಇದ್ದ, ಹಿಂದಕ್ಕೂ ಸರೀತಿದ್ದ, ಬೆನ್ನು ಗೋಡೆಗೆ ತಾಗಿತ್ತು. ನಾನು ಹೋಗಿ 'ಸರ್, ಅವಾರ್ಡ್ ಲಿಸ್ಟಲ್ಲಿ ಒಂದು ಹೆಸ್ರು ಕನ್ಫರ್ಮ್ ಮಾಡ್ಬೇಕಿತ್ತು, ಒಂದ್ನಿಮಿಷ ಬರ್ತೀರಾ' ಅಂದೆ. ಬಂದ್ರು. ಪಕ್ಕಕ್ಕೆ ಬಂದ ಮೇಲೆ ಮೆಲ್ಲಗೆ ಹೇಳ್ದೆ, ಅವನ ಕನ್ಫರ್ಮೇಶನ್ ಲೆಟರ್‌ಗೆ ಸೈನ್ ಹಾಕೋದು ನೀವು ಸರ್, ನಿಮಗೆ ಬೇಡ ಅನ್ನೋಕೆ ಅವನಿಗೆ ಹೆಂಗೆ ಧೈರ್ಯ ಬರತ್ತೆ. ಅವರಿಗೆ ತಟ್ಟಂತ ಅರ್ಥ ಆಯ್ತು, ಗ್ಲಾಸ್ ಅಲ್ಲೇ ಟೇಬಲ್ ಮೇಲಿಟ್ರು. ಎಲ್ಲರ ಮುಂದೆ ಗದರಿಸಿದ್ರೆ ಅದು ಬೇರೆ ರಂಪ ಆಗ್ತಿತ್ತು. ಪಕ್ಕಕ್ಕೆ ಕರ್ಕೊಂಡು ಹೋಗೋಕೆ ಒಂದು ನೆಪ ಯಾವಾಗ್ಲೂ ರೆಡಿ ಇಟ್ಕೊಂಡಿರ್ತೀನಿ.

ಸ್ಟೇಜ್ ಗೇಮ್ಸ್ ಬಗ್ಗೆ ನಾನು ತುಂಬಾ ಸ್ಟ್ರಿಕ್ಟ್. ಆಂಕರ್ ಹೊರಗಿನೋರು, ಅವರಿಗೆ ಮದ್ವೆ ರಿಸೆಪ್ಶನ್ ಗೇಮೇ ಅಭ್ಯಾಸ, 'ಹುಡುಗೀರೆಲ್ಲ ಸ್ಟೇಜ್ ಮೇಲೆ ಬನ್ನಿ', ಪೇಪರ್ ಮೇಲೆ ಜೋಡಿ ಡ್ಯಾನ್ಸು, ಬಾಯಲ್ಲಿ ಬಲೂನ್ ಪಾಸ್ ಮಾಡೋದು. ಅದ್ಯಾವ್ದೂ ಬೇಡ ಅಂತ ಗೇಮ್ ಲಿಸ್ಟ್ ಮುಂಚೆನೇ ತರಿಸ್ಕೊಂಡು ಕಾಟು ಹೊಡೀತೀನಿ. ಮೈ ಮುಟ್ಟೋ ಆಟ ಇಲ್ಲ, ಯಾರನ್ನೂ ಹೆಸರು ಕರೆದು ಎಳೆಯೋ ಹಾಗಿಲ್ಲ, ಕೈ ಎತ್ತಿದೋರು ಮಾತ್ರ. ಹಾಡಿನ ಅಂತ್ಯಾಕ್ಷರಿ, ಡಂಬ್ ಶರಾಡ್ಸ್, ಸೀಕ್ರೆಟ್ ಸಾಂಟಾ, ಇಷ್ಟು ಸಾಕು.

ಹಿಂದೆ ನಾನಿದ್ದ ಒಂದು ಕಂಪನೀಲಿ ರೆಸಾರ್ಟ್ ಪಾರ್ಟಿ ಆದ್ಮೇಲೆ ಒಬ್ಬ ಹುಡುಗಿ ಬಂದು ಕೇಳಿದ್ಲು, ಬಸ್ಸಲ್ಲಿ ವಾಪಸ್ ಬರೋವಾಗ ಆಗಿದ್ದು ಮೇಡಂ, ಆಫೀಸ್ ಒಳಗಲ್ವಲ್ಲ, ಕಂಪ್ಲೇಂಟ್ ಕೊಡ್ಬಹುದಾ ಅಂತ. ಅಲ್ಲಿನ ಮೇಲಿನೋರು 'ಪಾರ್ಟೀಲಿ ಆಗಿದ್ದು ಅಲ್ಲಿಗೇ ಬಿಡಿ' ಅಂತ ಅಷ್ಟರಲ್ಲೇ ಹೇಳಾಗಿತ್ತು. ನನಗೆ ಇವತ್ತಿಗೂ ಸಿಟ್ಟು ಬರತ್ತೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೇಲಿ ಕೆಲಸದ ಜಾಗ ಅಂದ್ರೆ ಬರೀ ಆಫೀಸ್ ಬಿಲ್ಡಿಂಗ್ ಅಲ್ಲ, ಕೆಲಸದ ಸಲುವಾಗಿ ಹೋದ ಯಾವ ಜಾಗಾನೂ ಸೇರತ್ತೆ, ಕಂಪನಿ ಕೊಟ್ಟ ಗಾಡೀನೂ ಸೇರತ್ತೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಇಂಥ ದೂರು ವಿಚಾರಿಸೋ ಆಂತರಿಕ ಸಮಿತಿ ಇರ್ಲೇಬೇಕು, ಘಟನೆ ಆಗಿ 3 ತಿಂಗಳೊಳಗೆ ದೂರು ಬರೆದು ಕೊಡ್ಬೇಕು, ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ಹೊರಗಿನ ಡಿಜೆ, ಆಂಕರ್ ಕಡೆಯಿಂದ ತೊಂದರೆ ಆಗದಂಗೆ ನೋಡ್ಕೊಳ್ಳೋದೂ ಕಂಪನಿ ಹೊಣೆ. ಈಗ ಇನ್ವಿಟೇಶನ್ ಕೆಳಗೇ ಸಮಿತಿಯವರ ಹೆಸರು ನಂಬರ್ ಹಾಕ್ತೀನಿ, ಸಮಿತಿಯ ಇಬ್ಬರಾದ್ರೂ ಅವತ್ತು ಕುಡಿಯದೇ ಕೊನೇವರೆಗೂ ಇರ್ತಾರೆ.

ವಾಪಸ್ ಹೋಗೋದು ಎಲ್ರಿಗೂ ಕ್ಯಾಬ್. ಕುಡಿದೋರ ಬೈಕ್ ಕೀ ಸೆಕ್ಯುರಿಟಿ ಡೆಸ್ಕಲ್ಲಿ. ಲಿಮಿಟ್ ಇರೋದು 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಅದಕ್ಕಿಂತ ಜಾಸ್ತಿ ಇದ್ದು ಮೊದಲ ಸಲ ಸಿಕ್ಕಿಬಿದ್ರೂ 10,000 ರೂಪಾಯಿ ದಂಡ ಇಲ್ಲಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಯಾವ ಕ್ಯಾಬಲ್ಲೂ ಕೊನೇ ಡ್ರಾಪ್ ಒಬ್ಬಳೇ ಹೆಣ್ಮಗು ಆಗದಂಗೆ ರೂಟ್ ಹಾಕೋದು, ಹಾಗೆ ಬಂದ್ರೆ ಗಾರ್ಡ್ ಜೊತೆಗೆ ಹೋಗ್ತಾರೆ. ಮನೆ ಸೇರಿದೆ ಅಂತ ಮೆಸೇಜ್ ಬರೋವರೆಗೂ ನಾನು ಮಲಗಲ್ಲ.

ಹೌಸ್‌ಕೀಪಿಂಗ್ ಅಕ್ಕಂದ್ರು, ಗಾರ್ಡ್ ಅಣ್ಣಂದ್ರು ಏಜೆನ್ಸಿ ಕಡೆಯೋರು ಅಂತ ಹೊರಗಿಡೋದು ನನಗೆ ಸರಿ ಕಾಣಲ್ಲ, ಅವತ್ತು ಅವರೂ ಅದೇ ಟೇಬಲ್‌ಗಳಲ್ಲಿ ಕೂತು ಊಟ ಮಾಡ್ತಾರೆ, ಪ್ಲೇಟ್ ಎತ್ತೋಕೆ ರೆಸಾರ್ಟ್ ಜನ ಇದಾರೆ. ಮೊದಲ ವರ್ಷ ಅಕ್ಕ ಒಬ್ರು ಅಭ್ಯಾಸಬಲದಲ್ಲಿ ಪಕ್ಕದೋರ ಪ್ಲೇಟ್ ಎತ್ತೋಕೆ ಎದ್ರು, ನಮ್ಮ ಡೈರೆಕ್ಟರ್ 'ಕೂತ್ಕೊಳಮ್ಮಾ, ಹೋಳಿಗೆ ಬಿಸಿ ಇದೆ' ಅಂತ ತಾವೇ ಹೋಗಿ ತಂದ್ಕೊಟ್ರು, ಆಮೇಲೆ ಅದನ್ನ ಯಾರಿಗೂ ಹೇಳ್ಕೊಡೋ ಅಗತ್ಯ ಬರ್ಲಿಲ್ಲ.

ಹೊಸದಾಗಿ ಸೇರಿದೋರು ಮೆಲ್ಲಗೆ ಕೇಳ್ತಾರೆ, ಬರ್ಲಿಲ್ಲ ಅಂದ್ರೆ ತಪ್ಪು ತಿಳ್ಕೋತಾರಾ ಅಂತ. ಇಲ್ಲಪ್ಪ. ಬಂದ್ರೆ ಊಟ ಮಾಡಿ, ಟೀಮ್‌ನೋರ ಜೊತೆ ನಾಲ್ಕು ಮಾತಾಡಿ ಎಂಟಕ್ಕೆ ಹೊರಟ್ರೂ ನಡಿಯತ್ತೆ, ಫಸ್ಟ್ ಕ್ಯಾಬ್ ಎಂಟಕ್ಕೇ ಇರತ್ತೆ. ಬರ್ಲಿಲ್ಲ ಅಂತ ಅಪ್ರೈಸಲ್‌ನಲ್ಲಿ ಯಾರಾದ್ರೂ ಮಾತು ತೆಗೆದ್ರೆ ನನಗೆ ಒಂದು ಮೇಲ್ ಹಾಕಿ, ಅದನ್ನ ನಾನು ನೋಡ್ಕೋತೀನಿ.