ಟರ್ಬೊ ಎಂಜಿನ್‌ಗೆ ಹೆಚ್ಚುವರಿ ಇಂಜೆಕ್ಟರ್: ಲೆಕ್ಕ, ಜಾಗ, ಜೋಡಣೆ

ಟರ್ಬೊ ಎಂಜಿನ್‌ನ ಶಕ್ತಿ ಏರಿಸಿದರೆ ಪೆಟ್ರೋಲ್ ಸಿಂಪಡಿಸುವ ಮೂಲ ಇಂಜೆಕ್ಟರ್‌ಗಳು ಸಾಲದಾಗುತ್ತವೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮರುಟ್ಯೂನ್ ಮಾಡಲು ಬರುವ ಹಾಗಿದ್ದರೆ ಹಳೆಯ ಇಂಜೆಕ್ಟರ್ ಬಿಚ್ಚಿ ದೊಡ್ಡದು ಹಾಕಿ. ಕೆಲಸ ಕಡಿಮೆ, ಕೆಡುವ ಜಾಗವೂ ಕಡಿಮೆ. ಇಸಿಯುಗೆ ಕೈ ಹಾಕಲಾಗದಿದ್ದಾಗ, ಇಲ್ಲವೇ ದೊಡ್ಡ ಇಂಜೆಕ್ಟರ್‌ನಿಂದ ಐಡ್ಲಿಂಗ್ ಹದ ತಪ್ಪುವಾಗ ಮಾತ್ರ ಹೆಚ್ಚುವರಿ ಇಂಜೆಕ್ಟರ್‌ನ ಯೋಚನೆ ಮಾಡಿ. ಕೆಳಗಿನದು ಫಿಯೆಟ್‌ನ 1.4 ಟಿ-ಜೆಟ್‌ನಂಥ ಪೋರ್ಟ್ ಇಂಜೆಕ್ಷನ್ (ಸಿಲಿಂಡರ್ ಒಳಗಲ್ಲ, ಗಾಳಿ ಬರುವ ದಾರಿಯಲ್ಲಿ ಸಿಂಪಡಿಸುವ) ಪೆಟ್ರೋಲ್ ಎಂಜಿನ್‌ಗಳಿಗೆ.

ಮೊದಲು ಲೆಕ್ಕ. ಪೂರ್ತಿ ಬೂಸ್ಟ್‌ನಲ್ಲಿ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಟರ್ಬೊ ಎಂಜಿನ್ ಒಂದು ಎಚ್‌ಪಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಕುಡಿಯುತ್ತದೆ. ನಿಮಿಷಕ್ಕೆ 240 ಸಿಸಿ ಕೊಡುವ ನಾಲ್ಕು ಇಂಜೆಕ್ಟರ್ ಇದ್ದರೆ ಒಟ್ಟು 960. ಅದರಲ್ಲಿ ಶೇ 85ರಷ್ಟನ್ನೇ, ಅಂದರೆ 816 ಸಿಸಿಯನ್ನೇ ನಂಬಬೇಕು: 6,000 ಆರ್‌ಪಿಎಂನಲ್ಲಿ ಒಂದು ಆವರ್ತಕ್ಕೆ ಸಿಗುವುದು 20 ಮಿಲಿಸೆಕೆಂಡ್, ಇಂಜೆಕ್ಟರ್ ತೆರೆಯಲಿಕ್ಕೇ ಸುಮಾರು 1 ಹೋಗುತ್ತದೆ. 816 ಸಿಸಿ ಸಾಕಾಗುವುದು 130 ಎಚ್‌ಪಿವರೆಗೆ. 180 ಬೇಕೆಂದರೆ 1,134 ಸಿಸಿ ಬೇಕು, ಕೊರತೆ 318. ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲಿಗೆ ಒಟ್ಟು ಬೇಡಿಕೆ ಇನ್ನೂ ಶೇ 8ರಷ್ಟು ಏರಿ 1,225 ಆಗುತ್ತದೆ, ಕೊರತೆ 409. ಆಗ ಹೆಚ್ಚುವರಿಯಾಗಿ ಹಾಕಿದ 240ರ ಜೋಡಿ (ಶೇ 85ರಂತೆ 408) ಅಂಚಿಗೆ ಬಂದು ನಿಲ್ಲುತ್ತದೆ. 300 ಸಿಸಿಯ ಜೋಡಿ ತೆಗೆದುಕೊಳ್ಳಿ.

ಈ ಅಂಕಿಗಳೆಲ್ಲ 3 ಬಾರ್ ಒತ್ತಡದವು. ಪೆಟ್ರೋಲ್ ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಸೇರಿರದಿದ್ದರೆ 1 ಬಾರ್ ಬೂಸ್ಟ್‌ನಲ್ಲಿ ಇಂಜೆಕ್ಟರ್‌ಗೆ ಉಳಿಯುವುದು 2 ಬಾರ್ ಮಾತ್ರ, ಹರಿವು ಶೇ 18 ಕುಸಿಯುತ್ತದೆ. ಪೆಟ್ರೋಲ್ ಪಂಪನ್ನೂ ಪರೀಕ್ಷಿಸಿ: ಹೋಸ್‌ಗೆ ಕೈಪಂಪಿನಿಂದ 1 ಬಾರ್ ಗಾಳಿ ಕೊಟ್ಟು, ರಿಟರ್ನ್ ಪೈಪನ್ನು ಅಳತೆಯ ಕ್ಯಾನಿಗೆ ಬಿಟ್ಟು, ಬ್ಯಾಟರಿಗೆ ಚಾರ್ಜರ್ ಹಾಕಿ ಪಂಪ್ ಓಡಿಸಿ. 30 ಸೆಕೆಂಡಿಗೆ 735 ಸಿಸಿಗಿಂತ (1,225ರ ಅರ್ಧ, ಜೊತೆಗೆ ಶೇ 20 ಮೀಸಲು) ಕಡಿಮೆ ಬಂದರೆ ಇಂಜೆಕ್ಟರ್ ಸೇರಿಸಿ ಪ್ರಯೋಜನವಿಲ್ಲ.

ಹೆಚ್ಚಿನವರು ಎಡವುವುದು ಜಾಗದ ವಿಷಯದಲ್ಲಿ. ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ದಾಟಿದ ಪೈಪಿನಲ್ಲಿ, ಥ್ರಾಟಲ್‌ಗೆ ಮೊದಲು ಒಂದೆರಡು ಇಂಜೆಕ್ಟರ್ ಕೂರಿಸುವುದು ಸುಲಭ. ಆದರೆ ಮ್ಯಾನಿಫೋಲ್ಡ್ ತಿರುವಿನಲ್ಲಿ ಗಾಳಿ ತಿರುಗುತ್ತದೆ, ಪೆಟ್ರೋಲ್ ಹನಿ ತಿರುಗುವುದಿಲ್ಲ. ಅದು ನೇರ ಹೋಗಿ ಗೋಡೆಗೆ ಬಡಿದು ಯಾವುದೋ ಒಂದು ಸಿಲಿಂಡರ್‌ಗೆ ಸೇರುತ್ತದೆ. ಅಲ್ಲಿ ರಿಚ್ (ಪೆಟ್ರೋಲ್ ಹೆಚ್ಚು), ಪಕ್ಕದಲ್ಲಿ ಲೀನ್ (ಪೆಟ್ರೋಲ್ ಕಡಿಮೆ). ಎಕ್ಸಾಸ್ಟ್‌ನಲ್ಲಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ತೋರಿಸುವುದು ನಾಲ್ಕರ ಸರಾಸರಿ, ಆದ್ದರಿಂದ ಮೀಟರ್ ನೋಡಿದರೆ ಎಲ್ಲ ಸರಿಯಿರುತ್ತದೆ, ಒಳಗೆ ಒಂದು ಪಿಸ್ಟನ್ ನಾಕ್‌ನ (ಮಿಶ್ರಣ ತಾನಾಗಿ ಸಿಡಿಯುವ) ಪೆಟ್ಟು ತಿನ್ನುತ್ತಿರುತ್ತದೆ. ಪ್ರತಿ ರನ್ನರ್‌ಗೆ (ಒಂದೊಂದು ಸಿಲಿಂಡರ್‌ಗೆ ಹೋಗುವ ಕೊಳವೆ) ಒಂದರಂತೆ 150 ಸಿಸಿಯ ನಾಲ್ಕು ಹಾಕುವುದು ದುಬಾರಿ, ಆದರೆ ಅದೇ ಸರಿಯಾದ ದಾರಿ. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಇದ್ದು ಪೈಪೇ ಗತಿ ಎಂದಾದರೆ ಗಾಳಿ ಹೋಗುವ ದಿಕ್ಕಿಗೆ ಓರೆಯಾಗಿ ಕೂರಿಸಿ, ಗುರಿ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಇಂಟರ್‌ಕೂಲರ್‌ಗೆ ಮೊದಲು ಮಾತ್ರ ಬೇಡವೇ ಬೇಡ: ಅಲ್ಲಿ ಪೆಟ್ರೋಲ್ ನಿಂತು, ಬ್ಯಾಕ್‌ಫೈರ್ ಆದ ದಿನ ಸಿಡಿಯುತ್ತದೆ.

ಅಲ್ಯೂಮಿನಿಯಂ ಬಾಸ್ (ಇಂಜೆಕ್ಟರ್ ಕೂರುವ ಗೂಡು) ವೆಲ್ಡ್ ಮಾಡುವ ಮೊದಲು ಪೈಪನ್ನು ಕಾರಿನಿಂದ ಪೂರ್ತಿ ಬಿಚ್ಚಿ. ಕೊರೆದ ಚೂರೊಂದು ಒಳಗುಳಿದರೂ ಅದು ವಾಲ್ವ್‌ವರೆಗೆ ಹೋಗುತ್ತದೆ. ಓ-ರಿಂಗ್‌ಗೆ ಎಂಜಿನ್ ಆಯಿಲ್ ಸವರಿ ತಳ್ಳಿ, ಒಣಗಿದ್ದರೆ ಅಂಚಿಗೆ ತಾಗಿ ಕತ್ತರಿಸುತ್ತದೆ. 4 ಬಾರ್ ಒತ್ತಡ 14 ಮಿ.ಮೀ. ಓ-ರಿಂಗ್ ಮೇಲೆ 6 ಕಿಲೊ ಬಲದಲ್ಲಿ ದೂಡುವುದರಿಂದ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್‌ಗೆ ಬೋಲ್ಟ್ ಹಾಕಿದ ಬ್ರಾಕೆಟ್ ಬೇಕೇ ಬೇಕು. ಪೆಟ್ರೋಲ್ ಹೋಸ್ ಮೇಲೆ ಎಸ್‌ಎಇ 30ಆರ್9 ಎಂದಿರಲಿ. 30ಆರ್7 ಕಾರ್ಬ್ಯುರೇಟರ್ ಕಾಲದ್ದು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಒಂದೊಂದು ಜಾಯಿಂಟನ್ನೂ ಟಿಶ್ಯೂ ಒತ್ತಿ ನೋಡಿ. ಪಕ್ಕದಲ್ಲಿ ಅಗ್ನಿಶಾಮಕ ಇರಲಿ.

ಮಲ್ಟಿಮೀಟರ್‌ನಲ್ಲಿ ಇಂಜೆಕ್ಟರ್ 12ರಿಂದ 16 ಓಮ್ ತೋರಿಸಿದರೆ ಸಾಮಾನ್ಯ ಕಂಟ್ರೋಲರ್ (ಹೆಚ್ಚುವರಿ ಇಂಜೆಕ್ಟರ್ ಓಡಿಸುವ ಪೆಟ್ಟಿಗೆ) ಸಾಕು. 2–3 ಓಮ್ ಆದರೆ ನೇರ ಜೋಡಿಸಬೇಡಿ, ಕಂಟ್ರೋಲರ್‌ನ ಡ್ರೈವರ್ ಸರ್ಕ್ಯೂಟ್ ಸುಡುತ್ತದೆ. ರಿಲೇ ಮತ್ತು ಫ್ಯೂಸ್ ಮೂಲಕ 12 ವೋಲ್ಟ್ ಇಂಜೆಕ್ಟರ್‌ಗೆ, ಅರ್ತ್ ಕಂಟ್ರೋಲರ್ ಕಡೆಯಿಂದ. ಕಂಟ್ರೋಲರ್‌ಗೆ ಆರ್‌ಪಿಎಂ ಮತ್ತು ಮ್ಯಾನಿಫೋಲ್ಡ್ ಒತ್ತಡ ಎರಡೂ ಬೇಕು. ಬೂಸ್ಟ್ ಸೊಲೆನಾಯ್ಡ್‌ಗೂ (ಬೂಸ್ಟ್ ನಿಯಂತ್ರಿಸುವ ವಿದ್ಯುತ್ ವಾಲ್ವ್) ಇದೇ ಫ್ಯೂಸ್‌ನಿಂದ ಕರೆಂಟ್ ಕೊಡಿ: ಕರೆಂಟ್ ಇಲ್ಲದಾಗ ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ಸ್ಪ್ರಿಂಗ್ ಮಟ್ಟಕ್ಕೆ ಇಳಿಯುವ ಬಗೆಯ ಸೊಲೆನಾಯ್ಡ್ ಆದರೆ, ಫ್ಯೂಸ್ ಹೋದ ಕೂಡಲೇ ಬೂಸ್ಟ್ ಕೂಡ ಬೀಳುತ್ತದೆ. ಕಂಟ್ರೋಲರ್‌ನಲ್ಲಿ ಲ್ಯಾಂಬ್ಡಾ ಕಟ್ (ಮಿಶ್ರಣ ಲೀನ್ ಆದರೆ ತಡೆಯುವ ರಕ್ಷಣೆ) ಇದ್ದರೆ ಅದನ್ನೂ ಆನ್ ಮಾಡಿ, ಏಕೆಂದರೆ ಕನೆಕ್ಟರ್ ಕಳಚಿದರೆ ಫ್ಯೂಸ್ ಹೋಗುವುದಿಲ್ಲ.

ಹೆಚ್ಚುವರಿ ಇಂಜೆಕ್ಟರ್ ಶುರುವಾಗಬೇಕಾದ್ದು ಮೂಲ ಇಂಜೆಕ್ಟರ್‌ಗಳ ಡ್ಯೂಟಿ (ತೆರೆದಿರುವ ಸಮಯದ ಪಾಲು) ಶೇ 70–75 ತಲುಪಿದಾಗ. ಅದಕ್ಕೂ ಮೊದಲು, ಇಸಿಯು ಕ್ಲೋಸ್ಡ್ ಲೂಪ್‌ನಲ್ಲಿರುವಾಗ (ಸೆನ್ಸರ್ ನೋಡಿ ಪೆಟ್ರೋಲ್ ತಾನೇ ಸರಿಪಡಿಸುವಾಗ) ಸುರಿದರೆ ನೀವು ಹಾಕಿದ್ದನ್ನು ಅದು ಕಡಿತ ಮಾಡಿಬಿಡುತ್ತದೆ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಬೂಸ್ಟನ್ನು 0.1 ಬಾರ್‌ನಂತೆ ಏರಿಸುತ್ತ ಲ್ಯಾಂಬ್ಡಾ (ಮಿಶ್ರಣದ ಅಳತೆ: 1 ಅಂದರೆ ಸರಿಸಮ, ಕಡಿಮೆಯಾದರೆ ರಿಚ್) 0.78–0.82ರಲ್ಲಿ ಹಿಡಿಯಿರಿ. 14.7ರ ಲೆಕ್ಕದ ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಓದಬೇಡಿ, ಇ20ಗೆ ಆ ಅಂಕಿ ಸುಮಾರು 13.5. ತೀರಾ ರಿಚ್ ಮಾಡಿದರೂ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ.

ಇಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ವಿಮೆಯೂ ಕೈಬಿಡಬಹುದು. ಕೊಯಮತ್ತೂರಿನ ಕರಿ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಒಯ್ಯುವ ಕಾರಿಗೆ ಮಾತ್ರ ಮಾಡಿ.

ಮೊದಲ ಪೂರ್ಣ ಓಟ ಮುಗಿದ ತಕ್ಷಣ ಎಂಜಿನ್ ಆಫ್ ಮಾಡಿ, ತಣಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿಡಿ. ಮೂರು ಕಂದು, ಒಂದು ಬೆಳ್ಳಗಿದ್ದರೆ (ಅದು ಲೀನ್) ಕಂಟ್ರೋಲರ್‌ನ ಪೆಟ್ರೋಲ್ ಮ್ಯಾಪ್ ಮುಟ್ಟಬೇಡಿ. ಇಂಜೆಕ್ಟರ್ ಕೂತ ಜಾಗವನ್ನೇ ಬದಲಿಸಿ.