ಕೆಲಸ ಒಪ್ಪುವ ಮುಂಚೆ ಬಾಡಿಗೆ × 3
ದುಬಾರಿ ಊರಿನ ಕೆಲಸಕ್ಕೆ ಹೂಂ ಅನ್ನುವ ಮುಂಚೆ, ಆಫೀಸಿಗೆ ದಿನವೂ ಓಡಾಡಬಹುದಾದ ದೂರದಲ್ಲಿ ಒಬ್ಬರಿಗೆ ಸಾಕಾಗುವ ಮನೆಯ ಬಾಡಿಗೆ ನೋಡಿ, ಮೂರರಿಂದ ಗುಣಿಸಿ. ಕಡಿತಗಳೆಲ್ಲ ಹೋಗಿ ತಿಂಗಳಿಗೆ ಕೈಗೆ ಬರುವ ಸಂಬಳ ಅಷ್ಟಿದ್ದರೆ ಸಾಮಾನ್ಯವಾಗಿ ಒಬ್ಬರ ಜೀವನ ನಡೆಯುತ್ತದೆ. (ಆಫರ್ ಲೆಟರಿನ ವಾರ್ಷಿಕ ಮೊತ್ತ ನೋಡಿ ಹಿಗ್ಗಬೇಡಿ.) ಊರಿಂದೂರಿಗೆ ವಿಪರೀತ ಏರುವುದು ಬಾಡಿಗೆಯೇ, ದಿನಸಿ, ಫೋನು, ಬಟ್ಟೆಯ ಖರ್ಚು ಅಷ್ಟೊಂದು ಏರುಪೇರಾಗುವುದಿಲ್ಲ. ರೂಮು ಹಂಚಿಕೊಂಡಿರುವವರಿಗೆ ಈ ಲೆಕ್ಕ ಕೈಕೊಡುತ್ತದೆ: ಬಾಡಿಗೆ ಅರ್ಧವಾದರೂ ಊಟ, ಓಡಾಟ ಅರ್ಧವಾಗುವುದಿಲ್ಲವಲ್ಲ. ಸಾಲದ ಕಂತು, ಮನೆಗೆ ಕಳಿಸುವ ಹಣವಿದ್ದರೆ ಸಂಬಳದಿಂದ ಮೊದಲೇ ಕಳೆದು ಹೋಲಿಸಿ. ಮನೆಗೆ ಕೊಡಬೇಕಾದ ಅಡ್ವಾನ್ಸ್ ಇದರಲ್ಲಿ ಸೇರಿಲ್ಲ, ಅದಕ್ಕೆ ಕೈಯಲ್ಲಿ ಬೇರೆ ದುಡ್ಡಿರಬೇಕು.